ಬೆಟ್ಟ ಹತ್ತಿದ ನುಸಿ

ಮಲೇರಿಯಾ ಹರಡುವ ನುಸಿ ಯಾವುದು ಅಂತ ಕೇಳಿ ನೋಡಿ, ಇಡೀ ತರಗತಿ "ಅನಾಫಿಲಿಸ್!" ಅನ್ನುತ್ತದೆ. ಕ್ಯೂಲೆಕ್ಸ್ ಎಂದು ಬರೆದವರಿಗೆ ನಾವು ತಪ್ಪು ಹಾಕುತ್ತೇವೆ. ನಾನೂ ಎಷ್ಟೋ ಸಲ ಹಾಕಿದ್ದೇನೆ. ಆದರೆ ಹಕ್ಕಿಗಳ ಮಟ್ಟಿಗೆ ಆ ಉತ್ತರವೇ ಸರಿ.

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬುದೊಂದು. ಅಲ್ಲಿ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲದ ಹಾಡುಹಕ್ಕಿ ಅಕಿಕಿಕಿ. ಬೆನ್ನು ಬೂದು, ಹೊಟ್ಟೆ ಬಿಳಿ, ತೂಕ ನಮ್ಮ ಗುಬ್ಬಿಯ ಅರ್ಧದಷ್ಟು. ಕಾಂಡ, ಕೊಂಬೆಗಳ ಮೇಲೆ ಓಡಾಡುತ್ತಾ ತೊಗಟೆ ಸಂದಿಯ ಹುಳ ಹೆಕ್ಕುತ್ತದೆ. 2023ರಲ್ಲಿ ಕಾಡಿನಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಐದೇ ಐದು. ಈಗ ಅವೂ ಇಲ್ಲವಾಗಿರಬಹುದು.

ಕಾಡು ಇನ್ನೂ ನಿಂತಿದೆ, ಹಕ್ಕಿ ಹೋಯಿತು! ಹೇಗೆ?

ಹವಾಯಿಯಲ್ಲಿ ಮೊದಲು ನುಸಿಯೇ ಇರಲಿಲ್ಲ. 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಗಳಲ್ಲಿ ಅದರ ಲಾರ್ವಾ ಬಂದಿಳಿದವು ಎನ್ನುತ್ತಾರೆ. ಜಾತಿ ಕ್ಯೂಲೆಕ್ಸ್ ಕ್ವಿಂಕ್ವಿಫೇಸಿಯೇಟಸ್. ನಮ್ಮೂರ ಚರಂಡಿಯಲ್ಲಿ ಹುಟ್ಟಿ ಆನೆಕಾಲು ರೋಗ ಹರಡುತ್ತದಲ್ಲ, ಅದೇ! ಹಿಂದೆಯೇ ಹಕ್ಕಿ ಮಲೇರಿಯಾದ ಪ್ಲಾಸ್ಮೋಡಿಯಂ ಕೂಡ ಬಂತು. (ಮನುಷ್ಯರಿಗೆ ಇದು ತಗಲುವುದಿಲ್ಲ, ಮಕ್ಕಳು ಖಂಡಿತ ಕೇಳುತ್ತಾರೆ.) ನುಸಿಯನ್ನೇ ಕಾಣದೆ ಬೆಳೆದ ಹಕ್ಕಿಗಳಿಗೆ ರೋಗನಿರೋಧಕ ಶಕ್ತಿ ಎಲ್ಲಿಂದ ಬರಬೇಕು?

ಉಳಿದದ್ದು ಬೆಟ್ಟದ ಚಳಿ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಪರಾವಲಂಬಿ ನುಸಿಯೊಳಗೆ ಬೆಳೆಯುವುದಿಲ್ಲ. ಹಾಗಾಗಿ ಅಲಕಾಯಿ ಎಂಬ ಎತ್ತರದ ಜೌಗುಕಾಡಿನಲ್ಲಿ ಅಕಿಕಿಕಿ ಬದುಕಿಕೊಂಡಿತ್ತು. ಹವೆ ಬಿಸಿಯಾದಂತೆ ನುಸಿಯೂ ರೋಗವೂ ಮೇಲೆ ಹತ್ತಿದವು. ಕವಾಯಿಯ ಅತಿ ಎತ್ತರದ ಶಿಖರವೇ 1,600 ಮೀಟರ್ ಮುಟ್ಟುವುದಿಲ್ಲ. ಹಕ್ಕಿ ಇನ್ನೆಲ್ಲಿಗೆ ಹತ್ತಬೇಕು ಹೇಳಿ?

2015ರಿಂದ ತಜ್ಞರು ಉದ್ದನೆಯ ಏಣಿ ಹಾಕಿ ಗೂಡಿನ ಮೊಟ್ಟೆ ಇಳಿಸಿ ತಂದು ಮರಿ ಮಾಡಿಸತೊಡಗಿದರು. ಹಾಗೆ ಬೆಳೆದ ಹಕ್ಕಿಗಳಲ್ಲಿ ಕೆಲವು ಮಾವಿ ದ್ವೀಪದ ಕೇಂದ್ರದಲ್ಲಿದ್ದಾಗ, 2023ರ ಆಗಸ್ಟ್‌ನಲ್ಲಿ ಕಾಳ್ಗಿಚ್ಚು ಹತ್ತಿರಕ್ಕೇ ಬಂತು. ಅಲ್ಲಿದ್ದ ಕೆಲವೇ ಮಂದಿ ತೋಟದ ಪೈಪು ಹಿಡಿದು ಬೆಂಕಿ ತಡೆದರು.

ಅದೇ ವರ್ಷ ಮಾವಿಯ ಕಾಡಿಗೆ ಹೆಲಿಕಾಪ್ಟರಿನಿಂದ ನುಸಿ ಬಿಡುವುದು ಶುರುವಾಯಿತು. ಹೌದು, ನುಸಿಯನ್ನೇ! ಎಲ್ಲವೂ ಗಂಡು, ಅವು ಕಚ್ಚುವುದಿಲ್ಲ. ಅವುಗಳೊಳಗಿನ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಕಾಡಿನ ನುಸಿಗಳಲ್ಲಿರುವ ಬಗೆಯದ್ದಲ್ಲ. ಕೂಡಿದ ಹೆಣ್ಣು ಮೊಟ್ಟೆಯಿಟ್ಟರೂ ಅದು ಒಡೆಯುವುದಿಲ್ಲ. ಕಾಡಿನಲ್ಲಿ ನುಸಿ ಇಳಿಯುವವರೆಗೆ ಅಕಿಕಿಕಿಗಳಿಗೆ ಪಂಜರವೇ ಮನೆ.