ಬಹುಮಾನ ಅಂಕಗಳಿಗೆ ಕಾಲಮಿತಿ: ವ್ಯಾಪಾರಿಯ ಲೆಕ್ಕ, ಗ್ರಾಹಕನ ಹಕ್ಕು

ಸಂತೆಯಲ್ಲಿ ತರಕಾರಿಯನ್ನು ತೂಗಿಕೊಟ್ಟ ಮೇಲೆ ಒಂದು ಹಿಡಿ ಮೆಣಸಿನಕಾಯಿಯನ್ನೋ ನಾಲ್ಕು ಎಸಳು ಕರಿಬೇವನ್ನೋ ಚೀಲಕ್ಕೆ ಸೇರಿಸುವ ಪದ್ಧತಿ ಕನ್ನಡ ನಾಡಿನ ವ್ಯಾಪಾರದಷ್ಟೇ ಹಳೆಯದು. ಅದಕ್ಕೆ ಕೊಸರು ಎಂದು ಹೆಸರು. ಕೊಸರಿಗೆ ಲೆಕ್ಕಪತ್ರ ಬೇಕಿಲ್ಲ. ಕೊಟ್ಟ ಕ್ಷಣದಲ್ಲೇ ಅದು ಗ್ರಾಹಕನದಾಗುತ್ತದೆ. ವ್ಯವಹಾರ ಅಲ್ಲಿಗೇ ಮುಗಿಯುತ್ತದೆ. ಇಂದಿನ ಅಂಗಡಿಗಳು ಮತ್ತು ಕಂಪನಿಗಳು ನೀಡುತ್ತಿರುವ ರಿವಾರ್ಡ್ ಪಾಯಿಂಟ್ ಅಥವಾ ಬಹುಮಾನ ಅಂಕವು ಇದೇ ಕೊಸರಿನ ಹೊಸ ರೂಪವಾದರೂ ಒಂದು ಮುಖ್ಯ ವ್ಯತ್ಯಾಸವಿದೆ. ಕೊಸರು ಇಂದು ಕೈಗೆ ಬರುತ್ತದೆ, ಅಂಕವು ಮುಂದೆಂದೋ ಬರುತ್ತದೆ. ಈ ‘ಮುಂದೆಂದೋ’ ಎಂಬುದಕ್ಕೆ ಕೊನೆಯ ದಿನಾಂಕವಿರಬೇಕೆ ಎಂಬುದೇ ಈ ಲೇಖನದ ವಿಷಯ.

ಸಿಮೆಂಟು, ಬಣ್ಣ, ವಿದ್ಯುತ್ ಉಪಕರಣ, ಕೀಟನಾಶಕ, ಪಂಪ್‌ಸೆಟ್ ಮುಂತಾದ ಸರಕುಗಳಲ್ಲಿ ಅಂಕಗಳ ಪದ್ಧತಿ ಈಗ ಗ್ರಾಮಾಂತರ ಪ್ರದೇಶಕ್ಕೂ ತಲುಪಿದೆ. ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯಂತಹ ಮಲೆನಾಡಿನ ಹೋಬಳಿ ಕೇಂದ್ರದಲ್ಲಿ ವ್ಯಾಪಾರ ಮಾಡುವವನು ಈ ವಿಷಯದಲ್ಲಿ ಎರಡು ಪಾತ್ರಗಳನ್ನು ವಹಿಸುತ್ತಾನೆ. ತಯಾರಿಕಾ ಕಂಪನಿಯಿಂದ ಅಂಕಗಳನ್ನು ಪಡೆಯುವಾಗ ಅವನೇ ಗ್ರಾಹಕ. ತನ್ನ ಖಾಯಂ ಗಿರಾಕಿಗಳಿಗೆ ಅಂಕ ನೀಡುವಾಗ ಅವನೇ ಹೊಣೆಗಾರ. ಆದುದರಿಂದ ಪ್ರಶ್ನೆಯ ಎರಡೂ ಮುಖಗಳನ್ನು ಅವನು ಅರಿತಿರಬೇಕಾಗುತ್ತದೆ.

ಅಂಕವು ದಾನವೆ, ಋಣವೆ?

ಅಂಕವು ವ್ಯಾಪಾರಿಯ ಔದಾರ್ಯವೆಂದು ಭಾವಿಸಿದರೆ, ಕೊಟ್ಟವನೇ ಅದರ ಆಯುಷ್ಯವನ್ನು ನಿರ್ಧರಿಸಬಹುದೆಂಬ ವಾದಕ್ಕೆ ಬಲ ಬರುತ್ತದೆ. ಆದರೆ ಲೆಕ್ಕಶಾಸ್ತ್ರವು ಈ ಭಾವನೆಯನ್ನು ಒಪ್ಪುವುದಿಲ್ಲ. ಅಂತಾರಾಷ್ಟ್ರೀಯ ಲೆಕ್ಕಪತ್ರ ವ್ಯವಸ್ಥೆಯು 2007ರಲ್ಲಿಯೇ ಗ್ರಾಹಕ ನಿಷ್ಠಾ ಯೋಜನೆಗಳ ಬಗ್ಗೆ ಪ್ರತ್ಯೇಕ ವ್ಯಾಖ್ಯಾನವನ್ನು ಪ್ರಕಟಿಸಿ, ಗ್ರಾಹಕನು ಕೊಟ್ಟ ಬೆಲೆಯ ಒಂದು ಭಾಗವು ಸರಕಿಗೂ ಮತ್ತೊಂದು ಭಾಗವು ಅಂಕಕ್ಕೂ ಸೇರಿದ್ದೆಂದು ಹೇಳಿತು. ಭಾರತದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡವೂ ಇದೇ ತತ್ತ್ವವನ್ನು ಅನುಸರಿಸುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. ಕಂಪನಿಯೊಂದು 1,00,000 ರೂಪಾಯಿಯ ಸರಕನ್ನು ಮಾರಿ, ತಲಾ 1 ರೂಪಾಯಿ ಬೆಲೆಯ 1,000 ಅಂಕಗಳನ್ನು ನೀಡಿತೆಂದಿಟ್ಟುಕೊಳ್ಳೋಣ. ಹಿಂದಿನ ಅನುಭವದ ಪ್ರಕಾರ ನೂರರಲ್ಲಿ 80 ಅಂಕಗಳು ಮಾತ್ರ ಬಳಕೆಯಾಗುವುದಾದರೆ ಅಂಕಗಳ ಮೌಲ್ಯ 800 ರೂಪಾಯಿ. ಪಡೆದ ಹಣವನ್ನು 1,00,000 ಮತ್ತು 800ರ ಅನುಪಾತದಲ್ಲಿ ಹಂಚಿದಾಗ 99,206 ರೂಪಾಯಿ ಮಾತ್ರ ಇಂದಿನ ಮಾರಾಟ. ಉಳಿದ 794 ರೂಪಾಯಿ ಮುಂದಿನ ಹೊಣೆ. ಅಂಕವು ಬಳಕೆಯಾದಾಗ ಅಥವಾ ಅದರ ಅವಧಿ ಮುಗಿದಾಗಲೇ ಅದು ಆದಾಯವೆನಿಸುತ್ತದೆ.

ಈ ಮಾನದಂಡವು ಷೇರುಪೇಟೆಯಲ್ಲಿ ನೋಂದಾಯಿತವಾದ ಹಾಗೂ 250 ಕೋಟಿ ರೂಪಾಯಿಗೂ ಮೇಲ್ಪಟ್ಟ ನಿವ್ವಳ ಸಂಪತ್ತುಳ್ಳ ಕಂಪನಿಗಳಿಗೆ ಅನ್ವಯಿಸುವಂಥದು. ಸಣ್ಣ ಉದ್ದಿಮೆದಾರರಿಗೆ ಎಎಸ್ 29 ಮಾರ್ಗದರ್ಶಿಯಾಗುತ್ತದೆ. ಹಿಂದಿನ ವ್ಯವಹಾರದಿಂದ ಹೊಣೆಯು ಹುಟ್ಟಿದ್ದು, ಖರ್ಚು ಸಂಭವನೀಯವಾಗಿದ್ದು, ಮೊತ್ತವನ್ನು ವಿಶ್ವಾಸಾರ್ಹವಾಗಿ ಅಂದಾಜಿಸಲು ಸಾಧ್ಯವಿದ್ದರೆ ಅದಕ್ಕೆ ಅವಕಾಶ ಕಲ್ಪಿಸಲೇಬೇಕೆಂಬುದು ಅದರ ಸಾರ. ಒಟ್ಟಿನಲ್ಲಿ ಅಂಕವು ದಾನವಲ್ಲ, ಬೆಲೆಯೊಳಗೇ ಸೇರಿರುವ ಋಣ.

ಮಲೆನಾಡು ಕಂಡ ಹಳೆಯ ‘ಪಾಯಿಂಟು’

ಸಕಲೇಶಪುರ, ಆಲೂರು ಸೀಮೆಯ ಹಿರಿಯ ಬೆಳೆಗಾರರಿಗೆ ‘ಪಾಯಿಂಟು’ ಎಂಬ ಪದ ಹೊಸದೇನೂ ಅಲ್ಲ. 1942ರ ಕಾಫಿ ಕಾಯ್ದೆಯಡಿ ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ಕಾಫಿಯ ಜಾತಿ ಮತ್ತು ದರ್ಜೆಗೆ ಅನುಗುಣವಾಗಿ ಪಾಯಿಂಟುಗಳು ನಿಗದಿಯಾಗಿ, ಮಾರಾಟದ ಹಣ ಬಂದಂತೆ ಪ್ರತಿ ಪಾಯಿಂಟಿಗೆ ಇಷ್ಟೆಂದು ಕಂತುಗಳಲ್ಲಿ ಪಾವತಿಯಾಗುತ್ತಿತ್ತು. ಈ ಕಡ್ಡಾಯ ಒಪ್ಪಿಸುವಿಕೆಯು ಮಾರಾಟವೇ ಹೌದೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಕರ್ನಾಟಕದ ಮಾರಾಟ ತೆರಿಗೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ತೀರ್ಪಿತ್ತಿತು. 1990ರ ದಶಕದ ಆರಂಭದಿಂದ ಹಂತಹಂತವಾಗಿ ಸಡಿಲಗೊಂಡ ಈ ಪದ್ಧತಿಯು 1996ರಲ್ಲಿ ಕೊನೆಗೊಂಡಿತು.

ಪೂಲ್‌ನ ಪಾಯಿಂಟು ಕೊಟ್ಟ ಕಾಫಿಯ ಬೆಲೆ. ಅಂಗಡಿಯ ಅಂಕವು ಕೊಂಡ ಸರಕಿನ ಮೇಲಿನ ಲಾಭಾಂಶ. ಎರಡೂ ಒಂದೇ ಅಲ್ಲ. ಆದರೂ ಅಂದಿನ ಅನುಭವವು ಒಂದು ಮಾತನ್ನು ಕಲಿಸಿದೆ. ಕೊನೆಯ ಕಂತಿಗಾಗಿ ದೀರ್ಘಕಾಲ ಕಾದ ಬೆಳೆಗಾರನು ತನ್ನ ಪಾಯಿಂಟನ್ನು ಬರಬೇಕಾದ ಬಾಕಿಯೆಂದೇ ಬಗೆಯುತ್ತಿದ್ದನು. ಅಂತಹ ಸಮಾಜದಲ್ಲಿ ‘ನಿಮ್ಮ ಅಂಕಗಳು ಕಳೆದ ತಿಂಗಳೇ ರದ್ದಾಗಿವೆ’ ಎಂಬ ಉತ್ತರವು ಎಂತಹ ಅಸಮಾಧಾನವನ್ನು ಹುಟ್ಟಿಸೀತೆಂದು ವ್ಯಾಪಾರಿಯು ಊಹಿಸಬಹುದು.

ಕಾಲಮಿತಿ ಬೇಕೆನ್ನುವುದೇಕೆ?

ವ್ಯಾಪಾರಿಯ ಪಕ್ಷದಲ್ಲಿಯೂ ಬಲವಾದ ಕಾರಣಗಳಿವೆ. ತೋಟದ ಸಾಮಗ್ರಿಗಳ ಅಂಗಡಿಯೊಂದರ ವಾರ್ಷಿಕ ಮಾರಾಟ 80 ಲಕ್ಷ ರೂಪಾಯಿ, ನಿವ್ವಳ ಲಾಭ ಶೇಕಡಾ 4ರಂತೆ 3,20,000 ರೂಪಾಯಿ ಎಂದು ಭಾವಿಸೋಣ. ನೂರು ರೂಪಾಯಿಗೆ ಒಂದು ರೂಪಾಯಿಯ ಅಂಕ ಕೊಟ್ಟರೆ ವರ್ಷಕ್ಕೆ 80,000 ರೂಪಾಯಿಯ ಅಂಕಗಳು ಹೊರಬೀಳುತ್ತವೆ. ಅವುಗಳಲ್ಲಿ ಶೇಕಡಾ 60 ಮಾತ್ರ ಬಳಕೆಯಾದರೆ ಪ್ರತಿ ವರ್ಷ 32,000 ರೂಪಾಯಿಯ ಹೊಣೆ ಉಳಿಯುತ್ತದೆ. ಕಾಲಮಿತಿಯಿಲ್ಲದಿದ್ದರೆ ಮೂರು ವರ್ಷಗಳಲ್ಲಿ ಅದು 96,000 ರೂಪಾಯಿಗೆ ಏರುತ್ತದೆ. ಅಂದರೆ ಒಂದು ವರ್ಷದ ಲಾಭದ ಶೇಕಡಾ 30ರಷ್ಟು. ಕಾಫಿ ಅಥವಾ ಮೆಣಸಿನ ಬೆಲೆ ಕುಸಿದ ವರ್ಷದಲ್ಲಿ ಗಿರಾಕಿಗಳೆಲ್ಲ ಒಮ್ಮೆಗೇ ಹಳೆಯ ಅಂಕಗಳನ್ನು ಹೊರತೆಗೆದರೆ, ಉದ್ರಿ ವಸೂಲಾಗದೆ ಕಷ್ಟದಲ್ಲಿರುವ ಅಂಗಡಿಯು ಇನ್ನಷ್ಟು ಕುಗ್ಗುತ್ತದೆ. ಅಂಗಡಿ ಕೈಬದಲಾಗುವಾಗ ಅಥವಾ ಪಾಲುದಾರಿಕೆ ವಿಸರ್ಜನೆಯಾಗುವಾಗ ಈ ಅನಿಶ್ಚಿತ ಹೊಣೆ ಯಾರದೆಂಬ ವಿವಾದವೂ ಏಳಬಹುದು.

ಕಾಲಮಿತಿ ಬೇಡವೆನ್ನುವುದೇಕೆ?

ಕೆನಡಾ ದೇಶದ ಏರ್ ಮೈಲ್ಸ್ ಯೋಜನೆಯು ಐದು ವರ್ಷಕ್ಕಿಂತ ಹಳೆಯ ಅಂಕಗಳನ್ನು 2016ರ ಡಿಸೆಂಬರ್ 31ಕ್ಕೆ ರದ್ದುಪಡಿಸಲು ಮುಂದಾಗಿತ್ತು. ಗ್ರಾಹಕರ ತೀವ್ರ ವಿರೋಧದಿಂದ ಆ ನಿರ್ಧಾರವನ್ನು ಅದು ಹಿಂತೆಗೆದುಕೊಂಡಿತು. ಆ ದೇಶದ ಆಂಟೇರಿಯೊ ಪ್ರಾಂತ್ಯವು ಕೇವಲ ಕಾಲ ಸರಿದ ಕಾರಣಕ್ಕೆ ಅಂಕಗಳನ್ನು ರದ್ದುಪಡಿಸದಂತೆ 2016ರಲ್ಲಿಯೇ ಕಾನೂನು ಮಾಡಿತು.

ಆದರೆ ಕಾಲಮಿತಿಯಿಲ್ಲದ ಅಂಕವೂ ಸುರಕ್ಷಿತವೆಂದು ನಂಬುವಂತಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ವಿಮಾನಯಾನ ಸಂಸ್ಥೆಯು 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ‘ಕಿಂಗ್ ಕ್ಲಬ್’ ಸದಸ್ಯರು ಕೂಡಿಟ್ಟಿದ್ದ ಮೈಲುಗಳು ಪ್ರಯಾಣಕ್ಕೆ ಒದಗದಾದವು. ಅಂಕದ ಬೆಲೆಯು ಅದನ್ನು ಕೊಟ್ಟವನ ಆರ್ಥಿಕ ಸ್ಥಿತಿಯನ್ನು ಅವಲಂಬಿಸಿದೆ. ಆದುದರಿಂದ ಕಂಪನಿಗಳಿಂದ ಅಂಕ ಪಡೆಯುವ ಡೀಲರುಗಳು ಅದನ್ನು ಠೇವಣಿಯಂತೆ ಕೂಡಿಡದೆ ಆಗಿಂದಾಗ್ಗೆ ಬಳಸಿಕೊಳ್ಳುವುದೇ ಜಾಣತನ.

ಮಲೆನಾಡಿನ ಮಟ್ಟಿಗೆ ಇನ್ನೂ ಒಂದು ಆಕ್ಷೇಪವಿದೆ. ನಗರದ ಗ್ರಾಹಕನು ತಿಂಗಳಿಗೊಮ್ಮೆ ಅಂಗಡಿಗೆ ಬರುತ್ತಾನೆ. ಬೆಳೆಗಾರನ ದೊಡ್ಡ ಖರೀದಿಗಳು ವರ್ಷಕ್ಕೆ ಎರಡೇ. ಮುಂಗಾರಿಗೆ ಮುನ್ನ ಗೊಬ್ಬರ, ಮೈಲುತುತ್ತ, ಸುಣ್ಣ. ಮಳೆ ಹಿಂದೆಗೆದ ಮೇಲೆ ಮತ್ತೊಮ್ಮೆ ಗೊಬ್ಬರ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚಿಯವರೆಗೆ ನಡೆಯುವುದರಿಂದ ಹಣ ಕೈಸೇರುವುದು ಆ ಬಳಿಕವೇ. ಆರು ತಿಂಗಳ ಮಿತಿಯಿದ್ದರೆ ಸೆಪ್ಟೆಂಬರ್ ಖರೀದಿಯ ಅಂಕಗಳು ಮುಂದಿನ ಮುಂಗಾರಿನ ಖರೀದಿಗೆ ಮುಂಚೆಯೇ ಸತ್ತಿರುತ್ತವೆ. ಹನ್ನೆರಡು ತಿಂಗಳ ಮಿತಿಯೂ ಸಾಲದು; ಕಳೆದ ಮೇ 10ರಂದು ಗೊಬ್ಬರ ಕೊಂಡವನು ಈ ವರ್ಷ ಮೇ 20ರಂದು ಬಂದರೆ ಹತ್ತು ದಿನದ ವ್ಯತ್ಯಾಸದಿಂದ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ನಗರಕ್ಕೆಂದು ರೂಪಿಸಿದ ಮಿತಿಯು ಇಲ್ಲಿ ಗ್ರಾಹಕನ ಅಲಕ್ಷ್ಯವನ್ನಲ್ಲ, ಅವನ ಋತುಮಾನವನ್ನೇ ದಂಡಿಸುತ್ತದೆ.

ಕಾನೂನು ಏನನ್ನುತ್ತದೆ?

ಅಂಗಡಿಯ ಅಂಕಗಳಿಗೆ ಇಷ್ಟೇ ಅವಧಿಯಿರಬೇಕೆಂದು ವಿಧಿಸುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಆದುದರಿಂದ ಸಾಮಾನ್ಯ ಕಾನೂನುಗಳನ್ನೇ ಅನ್ವಯಿಸಿಕೊಳ್ಳಬೇಕಾಗುತ್ತದೆ. 1872ರ ಕರಾರು ಕಾಯ್ದೆಯ 28ನೆಯ ಕಲಮಿಗೆ 1997ರ ಜನವರಿ 8ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಹಕ್ಕು ಚಲಾವಣೆಗೆ ತಡೆಯಾಗುವಂತೆ ನಿರ್ದಿಷ್ಟ ಅವಧಿಯ ಬಳಿಕ ಹಕ್ಕನ್ನೇ ನಂದಿಸುವ ಷರತ್ತು ಅಷ್ಟರಮಟ್ಟಿಗೆ ಅಸಿಂಧು. ಆರಂಭದಲ್ಲೇ ‘ಇಂಥ ದಿನದವರೆಗೆ ಮಾತ್ರ ಮಾನ್ಯ’ ಎಂದು ತಿಳಿಸಿ ಕೊಟ್ಟ ಹಕ್ಕು ಬೇರೆ. ಮಿತಿಯಿಲ್ಲದೆ ಕೊಟ್ಟ ಹಕ್ಕನ್ನು ತರುವಾಯ ಮೊಟಕುಗೊಳಿಸುವುದು ಬೇರೆ. ಎರಡನೆಯದಕ್ಕೆ ಸಮರ್ಥನೆ ದೊರೆಯುವುದು ಕಷ್ಟ.

2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನ್ಯಾಯದ ಕರಾರು ಎಂಬ ಪರಿಕಲ್ಪನೆಯನ್ನು ಒಳಗೊಂಡಿದೆ. ಆದರೆ ಮರುಮಾರಾಟಕ್ಕಾಗಿ ಕೊಳ್ಳುವ ಡೀಲರನು ಆ ಕಾಯ್ದೆಯ ಅರ್ಥದಲ್ಲಿ ಗ್ರಾಹಕನಲ್ಲ. ಅವನಿಗೆ ಲಿಖಿತ ಒಪ್ಪಂದವೇ ರಕ್ಷಣೆ. ಯೋಜನೆಯ ನಿಯಮಾವಳಿಯ ಪ್ರತಿಯನ್ನು ಆರಂಭದಲ್ಲೇ ಪಡೆದು ಕಡತದಲ್ಲಿಡುವುದು ಆವಶ್ಯಕ.

ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನಗಳು ಒಂದು ಉತ್ತಮ ಮಾದರಿಯನ್ನು ಒದಗಿಸಿವೆ. ಮುಂಗಡ ಪಾವತಿ ಸಾಧನಗಳಿಗೆ ಕನಿಷ್ಠ ಒಂದು ವರ್ಷದ ಅವಧಿಯಿರಬೇಕು ಹಾಗೂ ಮುಕ್ತಾಯಕ್ಕೆ ಮುಂಚಿನ 45 ದಿನಗಳಲ್ಲಿ ಗ್ರಾಹಕನನ್ನು ಎಚ್ಚರಿಸುತ್ತಿರಬೇಕು ಎಂಬುದು ಅಲ್ಲಿನ ನಿಯಮ. ಅಂಗಡಿಯ ಅಂಕಗಳಿಗೆ ಇದು ಅನ್ವಯಿಸದಿದ್ದರೂ ಅನುಕರಣೀಯವಾಗಿದೆ.

ತೆರಿಗೆಯ ಅಂಶಗಳು

ಬಿಲ್ಲಿನಲ್ಲಿಯೇ ಕಾಣಿಸಿ ಕಳೆಯುವ ರಿಯಾಯಿತಿಯು ಸರಕು ಮತ್ತು ಸೇವಾ ತೆರಿಗೆಯ ಮೌಲ್ಯದಿಂದ ಹೊರಗುಳಿಯುತ್ತದೆ. ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಯಾದರೋ 17(5)ನೆಯ ಕಲಮಿನಡಿ ದೊರೆಯುವುದಿಲ್ಲ. ಆದುದರಿಂದ ಅಂಕಕ್ಕೆ ಬದಲಾಗಿ ಮಿಕ್ಸರನ್ನೋ ಬೆಳ್ಳಿ ನಾಣ್ಯವನ್ನೋ ಕೊಡುವುದಕ್ಕಿಂತ ಮುಂದಿನ ಬಿಲ್ಲಿನಲ್ಲಿ ಕಡಿತ ಕೊಡುವುದು ಸರಳ.

ಆದಾಯ ತೆರಿಗೆಯಲ್ಲಿ 2022ರ ಜುಲೈ 1ರಿಂದ, ವ್ಯವಹಾರ ಸಂಬಂಧವಾಗಿ ಒಬ್ಬನಿಗೆ ಆರ್ಥಿಕ ವರ್ಷವೊಂದರಲ್ಲಿ 20,000 ರೂಪಾಯಿಗೂ ಮೀರಿದ ಪ್ರಯೋಜನ ಕೊಟ್ಟರೆ ಶೇಕಡಾ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಬೇಕೆಂಬ ನಿಯಮ ಬಂದಿತು. ಹೊಸ ಆದಾಯ ತೆರಿಗೆ ಕಾಯ್ದೆ 2025ರಲ್ಲಿಯೂ ಈ ಹೊಣೆ ಉಳಿದಿದೆ. ಗುತ್ತಿಗೆದಾರನೊಬ್ಬನು ವರ್ಷಕ್ಕೆ 8,000 ರೂಪಾಯಿಯಂತೆ ಮೂರು ವರ್ಷ ಅಂಕಗಳನ್ನು ಕೂಡಿಟ್ಟು ಒಮ್ಮೆಗೇ 24,000 ರೂಪಾಯಿಯ ಬಹುಮಾನ ಪಡೆದರೆ ಅದು ಮಿತಿಯನ್ನು ದಾಟುತ್ತದೆ. ವರ್ಷವರ್ಷವೂ ಪಡೆದಿದ್ದರೆ ದಾಟುತ್ತಿರಲಿಲ್ಲ. ಬಿಲ್ಲಿನ ಸಾಧಾರಣ ರಿಯಾಯಿತಿಗೆ ಈ ಕಡಿತವಿಲ್ಲವೆಂದು 2022ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಲಾಗಿದೆ.

ಅಂಕಗಳ ಹೊಣೆಗೆ ಕಲ್ಪಿಸಿದ ಅವಕಾಶವನ್ನು ಖರ್ಚೆಂದು ಕಳೆಯಲು ಹಿಂದಿನ ವರ್ಷಗಳ ಬಳಕೆಯ ದಾಖಲೆ ಬೇಕು. ವಾರಂಟಿ ಹೊಣೆಯ ಬಗ್ಗೆ ಸರ್ವೋಚ್ಚ ನ್ಯಾಯಾಲಯವು ರೋಟಾರ್ಕ್ ಕಂಟ್ರೋಲ್ಸ್ ಮೊಕದ್ದಮೆಯಲ್ಲಿ 2009ರಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. ಹೀಗೆ ಕಳೆದ ಮೊತ್ತವು ಅವಧಿ ಮುಗಿದು ರದ್ದಾದಾಗ ಆದಾಯವಾಗಿ ಮರಳಿ ಸೇರುತ್ತದೆಂಬುದನ್ನೂ ಗಮನಿಸಬೇಕು.

ಅನುಸರಿಸಬಹುದಾದ ಕ್ರಮ

ಮೇಲಿನ ವಾದಗಳನ್ನು ತೂಗಿ ನೋಡಿದಾಗ, ಕಾಲಮಿತಿಯಿರುವುದು ತಪ್ಪಲ್ಲ, ಅವಸರದ ಹಾಗೂ ಗುಪ್ತವಾದ ಕಾಲಮಿತಿ ತಪ್ಪು ಎಂಬ ನಿರ್ಣಯಕ್ಕೆ ಬರಬಹುದು. ಸಣ್ಣ ವ್ಯಾಪಾರಿಗಳು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಒಂದು ಆರ್ಥಿಕ ವರ್ಷದಲ್ಲಿ ಗಳಿಸಿದ ಅಂಕಗಳು ಮುಂದಿನ ಆರ್ಥಿಕ ವರ್ಷದ ಕೊನೆಯವರೆಗೆ ಮಾನ್ಯವಾಗಿರಲಿ. 2026-27ರ ಅಂಕಗಳು 2028ರ ಮಾರ್ಚಿ 31ರವರೆಗೆ ಬದುಕಿರುತ್ತವೆ. ಗ್ರಾಹಕನಿಗೆ ಕನಿಷ್ಠ ಒಂದು ಪೂರ್ಣ ಬೆಳೆಯ ವರ್ಷ ದೊರೆಯುತ್ತದೆ. ಮೇಲಿನ ಉದಾಹರಣೆಯ ಅಂಗಡಿಯ ಹೊಣೆಯು ಪ್ರತಿ ಮಾರ್ಚಿ ಅಂತ್ಯಕ್ಕೆ 32,000 ರೂಪಾಯಿಯ ಆಸುಪಾಸಿನಲ್ಲೇ ನಿಲ್ಲುತ್ತದೆ.

2. ಅಂಕಗಳ ಬೆಲೆ, ಕೊನೆಯ ದಿನಾಂಕ ಎರಡನ್ನೂ ಪ್ರತಿ ಬಿಲ್ಲಿನಲ್ಲಿ ಕನ್ನಡದಲ್ಲಿ ಮುದ್ರಿಸಬೇಕು.

3. ಮುಕ್ತಾಯಕ್ಕೆ 45 ದಿನ ಮುಂಚೆ ತಿಳಿವಳಿಕೆ ನೀಡಬೇಕು. ಮೊಬೈಲ್ ಸಂಪರ್ಕ ಸರಿಯಿಲ್ಲದ ಹಳ್ಳಿಗಳಿಗೆ ಅಂಚೆ ಕಾರ್ಡೇ ಉತ್ತಮ.

4. ನಿಯಮ ಬದಲಾದರೆ ಅದು ಮುಂದಿನ ಅಂಕಗಳಿಗೆ ಮಾತ್ರ ಅನ್ವಯಿಸಲಿ. ಗಳಿಸಿಯಾದ ಅಂಕಗಳನ್ನು ಮುಟ್ಟಬಾರದು.

5. ನೀಡಿದ, ಬಳಸಿದ, ರದ್ದಾದ ಅಂಕಗಳಿಗೆ ಪ್ರತ್ಯೇಕ ಖಾತೆಯಿರಲಿ.

6. ಈ ದಾಖಲೆಗಳನ್ನು ನಿರ್ವಹಿಸಲು ಸಾಧ್ಯವಿಲ್ಲದ ಚಿಕ್ಕ ಅಂಗಡಿಯು ಅಂಕಗಳ ಗೊಡವೆಗೇ ಹೋಗದೆ ಬಿಲ್ಲಿನಲ್ಲೇ ರಿಯಾಯಿತಿ ಕೊಟ್ಟುಬಿಡುವುದು ಲೇಸು.

ಅವಧಿ ಮೀರಿದ ಅಂಕದಿಂದ ವ್ಯಾಪಾರಿಗೆ ಉಳಿಯುವುದು ನೂರಕ್ಕೆ ಒಂದು ರೂಪಾಯಿ. ಮುನಿದ ಗಿರಾಕಿಯು ಬೇರೆ ಅಂಗಡಿಯ ಮೆಟ್ಟಿಲೇರಿದರೆ ಕಳೆದುಕೊಳ್ಳುವುದು, ನೂರಕ್ಕೆ ನಾಲ್ಕರ ಲಾಭವಿರುವ ಅಂಗಡಿಯಲ್ಲಿ, ಅದರ ನಾಲ್ಕು ಪಟ್ಟು. ಕೊಸರು ಕೊಟ್ಟವನು ಅದನ್ನು ಚೀಲದಿಂದ ಮರಳಿ ತೆಗೆಯುವುದಿಲ್ಲವೆಂಬ ನಂಬಿಕೆಯ ಮೇಲೆಯೇ ಸಂತೆಯ ವ್ಯಾಪಾರ ನಿಂತಿದೆ. ಅಂಕಗಳ ವ್ಯಾಪಾರವೂ ಆ ನಂಬಿಕೆಯನ್ನೇ ಬಂಡವಾಳವಾಗಿಟ್ಟುಕೊಳ್ಳಬೇಕಾಗುತ್ತದೆ.