ಕೆಸರಲ್ಲಿ ಹೂತ ಜೀಪ್ ಎಳೆಯೋಕೆ ಗಟ್ಟಿ ಬಂಪರ್: ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸುವಾಗ ಏನೇನು ನೋಡಬೇಕು?

ಸರಗೂರು ಕಡೆಯ ಎರೆ ಭೂಮಿ ಗೊತ್ತಿದ್ದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕಲ್ಲಿನಂತೆ ಬಿರಿದಿರುವ ನೆಲ, ಒಂದು ಹದ ಮಳೆ ಬಿದ್ದರೆ ಸಾಕು, ಬೆಣ್ಣೆಯಂತೆ ಜಾರುತ್ತೆ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತೆ, ಟೈರಿನ ಗುಂಡಿಗಳಲ್ಲಿ ತುಂಬಿಕೊಂಡು ಟೈರನ್ನೇ ನುಣ್ಣಗೆ ಮಾಡಿಬಿಡುತ್ತೆ. ಹತ್ತಿ ಬಿಡಿಸೋ ಕಾಲಕ್ಕೂ ಮಳೆ ಬಿಟ್ಟಿರಲ್ಲ. ಶುಂಠಿ, ಬಾಳೆ ತುಂಬಿದ ಗಾಡಿ ಹೊಲದಿಂದ ರಸ್ತೆಗೆ ಬರೋ ಆ ಇನ್ನೂರು ಮುನ್ನೂರು ಅಡಿಯಲ್ಲೇ ಹೂತುಕೊಳ್ಳೋದು.

ಹೂತ ಮೇಲೆ ನಾವೆಲ್ಲ ಮಾಡೋದು ಒಂದೇ ಕೆಲಸ. ಪಕ್ಕದ ಹೊಲದ ಟ್ರ್ಯಾಕ್ಟರ್ ಕರೆಸಿ, ಜೀಪಿನ ಬಂಪರಿಗೆ ಚೈನ್ ಸುತ್ತಿ, "ಎಳಿ ಅಣ್ಣ" ಅನ್ನೋದು. ಅಪಾಯ ಇರೋದು ಇಲ್ಲೇ. ನಮ್ಮೂರ ಹತ್ತಿರ ಒಂದು ಹೊಲದಲ್ಲಿ ಹೀಗೆ ಎಳೆಯುವಾಗ ಬಂಪರ್ ಕಿತ್ತು, ಚೈನಿನ ಸಮೇತ ಹಾರಿ, ಬದಿಯಲ್ಲಿ ನಿಂತಿದ್ದ ಕೂಲಿಯವರ ಕಾಲಿಗೆ ಹೊಡೀತು. ಮೂಳೆ ಮುರಿದು ಆ ವರ್ಷದ ಸುಗ್ಗಿಯೆಲ್ಲ ಅವರು ಮನೆಯಲ್ಲೇ ಕೂರಬೇಕಾಯ್ತು. ಅದು ತಲೆಗೆ ಬಿದ್ದಿದ್ದರೆ ಮಾತೇ ಬೇರೆ. ಆಮೇಲೆ ನನ್ನ ಹಳೇ ಜೀಪಿಗೆ ಎಳೆಯುವ ಕೊಕ್ಕೆ ಇರುವ ಬಂಪರ್ ಮಾಡಿಸಿದೆ. ಅದರ ಅಳತೆ, ಲೆಕ್ಕ, ಜೊತೆಗೆ ಕಾನೂನು ಏನು ಹೇಳುತ್ತೆ ಅನ್ನೋದನ್ನ ಇಲ್ಲಿ ಬರೆದಿದ್ದೇನೆ.

ಮೊದಲು ಕಾನೂನು ತಿಳಿಯಿರಿ

ಗಾಡಿಯ ಮುಂದೆ ಕೊಂಬಿನ ಹಾಗೆ ಪೈಪ್ ಬಗ್ಗಿಸಿ ಹಾಕ್ತಾರಲ್ಲ, ಆ ಕ್ರ್ಯಾಶ್ ಗಾರ್ಡ್ ಅಥವಾ ಬುಲ್ ಬಾರ್‌ಗೆ ಅನುಮತಿ ಇಲ್ಲ. ಅದು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿದೆ. 2019ರ ತಿದ್ದುಪಡಿ ಆದ ಮೇಲೆ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಬೀಳಬಹುದು.

ಇದು ಬರೀ ದಂಡದ ಮಾತಲ್ಲ. ಮುಂದೆ ಚಾಚಿದ ಗಟ್ಟಿ ಪೈಪ್, ಅಡ್ಡ ಬಂದ ಮನುಷ್ಯನಿಗೆ ಗಾಡಿಗಿಂತ ಹೆಚ್ಚು ಪೆಟ್ಟು ಕೊಡುತ್ತೆ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಸೆನ್ಸರ್ ಕೆಲಸ ಮಾಡೋ ರೀತಿಯೇ ಕೆಡಬಹುದು. "ಕಾಡಂಚಿನ ದಾರಿ, ಆನೆ ಬಂದ್ರೆ ಇರಲಿ" ಅಂತ ಕೆಲವರು ಗಾರ್ಡ್ ಹಾಕಿಸ್ತಾರೆ. ನಾಲ್ಕು ಟನ್ ಆನೆ ಮುಂದೆ ಎರಡು ಇಂಚಿನ ಪೈಪ್ ಯಾವ ಲೆಕ್ಕ? ಆ ದುಡ್ಡು ದಂಡ.

ಹಾಗಾಗಿ ನಾನು ಹೇಳ್ತಿರೋದು ಗಾರ್ಡ್ ವಿಷಯ ಅಲ್ಲ. ಹಳೇ ಜೀಪುಗಳಿಗೆ ಮೊದಲಿಂದಲೂ ಇರುವಂಥ ಕಬ್ಬಿಣದ ಚಾನೆಲ್ ಬಂಪರ್, ಅದೇ ಅಗಲ, ಅದೇ ಎತ್ತರ, ಆದರೆ ಎಳೆಯೋ ಜಾಗ ಚಾಸಿಗೆ ನೇರ ಸೇರಿರಬೇಕು, ಅಷ್ಟೆ. ಇದನ್ನೂ ಮಾಡಿಸುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಏರ್‌ಬ್ಯಾಗ್ ಇರುವ ಹೊಸ ಗಾಡಿಗಳಿಗೆ, ಚಾಸಿ ಇಲ್ಲದ ಕಾರುಗಳಿಗೆ ಇದು ಬೇಡವೇ ಬೇಡ. ಅವಕ್ಕೆ ಕಂಪನಿ ಕೊಟ್ಟಿರುವ ಎಳೆಯುವ ಹುಕ್ಕನ್ನೇ ಬಳಸಿ. ಅದು ಎಲ್ಲಿದೆ ಅಂತ ಗಾಡಿ ಪುಸ್ತಕದಲ್ಲಿ ಬರೆದಿರುತ್ತೆ.

ಎಷ್ಟು ಎಳೆತ ಬೀಳುತ್ತೆ?

ಹೂತ ಗಾಡಿ ಎಳೆಯುವವರಲ್ಲಿ ಒಂದು ಸುಲಭ ಲೆಕ್ಕ ಉಂಟು.

- ಚಕ್ರದ ಮಟ್ಟಕ್ಕೆ ಹೂತಿದ್ದರೆ: ಗಾಡಿಯ ತೂಕದಷ್ಟೇ ಎಳೆತ ಬೇಕು.
- ಮಡ್‌ಗಾರ್ಡ್ ಮಟ್ಟಕ್ಕೆ ಹೂತಿದ್ದರೆ: ತೂಕದ ಎರಡು ಪಟ್ಟು.
- ಕ್ಯಾಬಿನ್ ಮಟ್ಟಕ್ಕೆ ಹೂತಿದ್ದರೆ: ಮೂರು ಪಟ್ಟು.

ಲೋಡ್ ಸೇರಿ 2.8 ಟನ್ ಇರುವ ಪಿಕಪ್ ಮಡ್‌ಗಾರ್ಡ್‌ವರೆಗೆ ಹೂತರೆ 5.6 ಟನ್ ಆಯ್ತು. ಇದು ನಿಧಾನಕ್ಕೆ ಎಳೆದರೆ ಮಾತ್ರ. ಟ್ರ್ಯಾಕ್ಟರ್ ಹಿಂದಕ್ಕೆ ತಂದು ಚೈನ್ ಸಡಿಲ ಬಿಟ್ಟು ಜಗ್ಗಿದರೆ, ಆ ಜರ್ಕಿಗೆ ಎಷ್ಟು ಟನ್ ಬೀಳುತ್ತೋ ಲೆಕ್ಕಕ್ಕೇ ಸಿಗಲ್ಲ. ಕಂಪನಿ ಬಂಪರಿನ ಕೆಳಗಿರುವ ತೆಳು ಬಳೆಗಳು ಎಷ್ಟೋ ಗಾಡಿಯಲ್ಲಿ ಲಾರಿ ಮೇಲೆ ಕಟ್ಟಿ ಸಾಗಿಸೋಕೆ ಇಟ್ಟಿರೋವು, ಹೂತಾಗ ಎಳೆಯೋಕಲ್ಲ. ಟ್ರೈಲರ್ ಸಿಕ್ಕಿಸುವ ಗುಂಡು ಬಾಲಿಗಂತೂ ಯಾವತ್ತೂ ಹಗ್ಗ ಹಾಕಬೇಡಿ. ಅದು ಮುರಿದರೆ ತೋಪಿನ ಗುಂಡೇ ಸರಿ.

ಬೇಕಾಗುವ ಸಾಮಾನು

1. ಮುಂದಿನ ಅಡ್ಡ ತೊಲೆಗೆ ಐಎಸ್‌ಎಂಸಿ 125 ಚಾನೆಲ್, ಗಾಡಿ ಅಗಲಕ್ಕೆ ಸುಮಾರು 1.4 ಮೀಟರ್. ಮೀಟರಿಗೆ 13 ಕೆ.ಜಿ. ತೂಗುತ್ತೆ.
2. ಚಾಸಿ ಬದಿಗೆ ಕೂರುವ ಪಟ್ಟಿ ಎರಡು: 8 ಮಿ.ಮೀ. ಪ್ಲೇಟು, 300 ಮಿ.ಮೀ. ಉದ್ದ, 120 ಮಿ.ಮೀ. ಎತ್ತರ.
3. ಎಳೆಯುವ ಕಿವಿ ಎರಡು: 20 ಮಿ.ಮೀ. ಪ್ಲೇಟು, 200 ಮಿ.ಮೀ. ಉದ್ದ, 90 ಮಿ.ಮೀ. ಎತ್ತರ.
4. ಎಂ 12 ಬೋಲ್ಟ್, 8.8 ಗ್ರೇಡಿನವು ಎಂಟು, ನೈಲಾಕ್ ನಟ್ಟು, ದಪ್ಪ ವಾಷರ್.
5. ಮುಕ್ಕಾಲು ಇಂಚಿನ ಬೋ ಶ್ಯಾಕಲ್ ಎರಡು, ಮೇಲೆ 4.75 ಟನ್ ಅಂತ ಅಚ್ಚಾಗಿರಬೇಕು. ಅಚ್ಚಿಲ್ಲದ್ದನ್ನ ಎಷ್ಟೇ ಕಡಿಮೆಗೆ ಕೊಟ್ಟರೂ ತರಬೇಡಿ.

ಒಟ್ಟು ತೂಕ 30 ಕೆ.ಜಿ. ಆಸುಪಾಸಿನಲ್ಲಿ ನಿಲ್ಲುತ್ತೆ. "ಗಟ್ಟಿ ಇರಲಿ" ಅಂತ ಇನ್ನೂ ದಪ್ಪ ಕಬ್ಬಿಣ ಏರಿಸಿದರೆ ಮುಂದಿನ ಪಟ್ಟಾ ಕುಗ್ಗುತ್ತೆ, ಸ್ಟಿಯರಿಂಗ್ ಭಾರ ಆಗುತ್ತೆ, ಕೆಸರಲ್ಲಿ ಮೂತಿಯೇ ಮೊದಲು ಹೂತುಕೊಳ್ಳುತ್ತೆ. ಗುಜರಿಯಿಂದ ತಂದ ಕಬ್ಬಿಣ ತೊಲೆಗೆ ಆದೀತು, ಕಿವಿಗೆ ಬೇಡ. ಅಲ್ಲಿಗೆ ಐಎಸ್ 2062 ದರ್ಜೆಯ ಹೊಸ ಪ್ಲೇಟೇ ಇರಲಿ.

ಎಳೆತ ಚಾಸಿಗೆ ಹೋಗಬೇಕು, ಬಂಪರಿಗಲ್ಲ

ಇಡೀ ಕೆಲಸದ ಗುಟ್ಟು ಇಷ್ಟೆ. ಎಷ್ಟೋ ಕಡೆ ಚಾನೆಲ್ ಮುಖಕ್ಕೆ ಒಂದು ಕಬ್ಬಿಣದ ಬಳೆ ಅಂಟಿಸಿ "ಹುಕ್ಕು ರೆಡಿ" ಅಂತಾರೆ. ಆಗ ಎಳೆತವೆಲ್ಲ ಆ ಒಂದು ಅಂಟಿನ ಮೇಲೆ. ಬೆಸುಗೆ ಬಿಟ್ಟರೆ ಬಳೆ ಹಾರುತ್ತೆ.

ಸರಿಯಾದ ಕ್ರಮ ಹೀಗೆ: ಚಾನೆಲ್‌ನಲ್ಲಿ ಸೀಳು ಕತ್ತರಿಸಿ, ಕಿವಿ ಅದರೊಳಗಿಂದ ಹಾದು ಹಿಂದೆ ಬರಬೇಕು. 80 ಮಿ.ಮೀ. ಮುಂದೆ ಕಾಣಲಿ, ಉಳಿದ 120 ಮಿ.ಮೀ. ಹಿಂದೆ ಹೋಗಿ ಚಾಸಿ ಪಟ್ಟಿಗೆ ಒರಗಿ ಕೂತು ಮೂರೂ ಬದಿ ಬೆಸುಗೆ ಆಗಲಿ. 6 ಮಿ.ಮೀ. ಬೆಸುಗೆ, ಒಂದು ಕಿವಿಗೆ ಕಡಿಮೆ ಅಂದ್ರೆ 300 ಮಿ.ಮೀ. ಉದ್ದ ಸಿಗುತ್ತೆ. ಚಾನೆಲ್ ಕಿತ್ತು ಬಿದ್ದರೂ ಕಿವಿ ಚಾಸಿಯಲ್ಲೇ ಇರುತ್ತೆ.

ಶ್ಯಾಕಲ್ ಪಿನ್ನು 22 ಮಿ.ಮೀ. ಇರುತ್ತೆ, ತೂತು 25 ಸಾಕು. ತೂತಿನ ಅಂಚಿನಿಂದ ಕಿವಿಯ ಅಂಚಿಗೆ 30 ಮಿ.ಮೀ. ಕಬ್ಬಿಣ ಉಳಿಯಲೇಬೇಕು. ಗ್ಯಾಸ್ ಕಟ್ಟರ್‌ನಲ್ಲಿ ತೂತು ಹೊಡೆಸಬೇಡಿ, ಅಂಚು ಒರಟಾಗಿ ಬಿರುಕು ಅಲ್ಲಿಂದಲೇ ಶುರುವಾಗುತ್ತೆ. ಡ್ರಿಲ್ ಮಾಡಿಸಿ, ಅಂಚು ಉಜ್ಜಿಸಿ.

ಬೋಲ್ಟಿನ ಲೆಕ್ಕ ನೋಡಿ. 8.8 ಗ್ರೇಡಿನ ಒಂದು ಎಂ 12 ಬೋಲ್ಟ್ ಅಡ್ಡಕ್ಕೆ ಕತ್ತರಿಸೋಕೆ ಸುಮಾರು 4 ಟನ್ ಬೇಕು. ಬದಿಗೆ ನಾಲ್ಕು ಅಂದ್ರೆ 16 ಟನ್. ಮೂರನೇ ಒಂದು ಭಾಗ ಮಾತ್ರ ನಂಬಿದರೂ 5 ಟನ್ ಮೇಲೆ ಬರುತ್ತೆ. ಶ್ಯಾಕಲ್‌ನ 4.75ಕ್ಕೆ ಇದು ಸರಿಹೊಂದಿತು. ಎರಡೂ ಬದಿ ಸೇರಿ ಎಳೆದರೆ ಮೇಲೆ ಹೇಳಿದ 5.6 ಟನ್ನಿಗೆ ಧೈರ್ಯವಾಗಿ ನಿಲ್ಲುತ್ತೆ. ಬೋಲ್ಟ್ ತಲೆ ಮೇಲೆ 8.8 ಅಂತ ಬರೆದಿದೆಯಾ ನೋಡಿ ತನ್ನಿ. ಬರಹ ಇಲ್ಲದ ಬೋಲ್ಟ್ ಇದರ ಅರ್ಧವೂ ತಡೆಯದೇ ಇರಬಹುದು.

ವೆಲ್ಡಿಂಗ್ ಶಾಪಿನಲ್ಲಿ ಗಮನಿಸಿ

- ಚಾಸಿಗೆ ನೇರ ಬೆಸುಗೆ ಬೇಡ. ಬಿಸಿ ತಾಗಿದ ಪಕ್ಕದಲ್ಲೇ ಮುಂದೆ ಬಿರುಕು ಬಿಡೋದು. ಬೋಲ್ಟೇ ಸರಿ.
- ತೂತು ಮಾಡಲೇಬೇಕಾದರೆ ಚಾಸಿಯ ನಿಂತ ಗೋಡೆಯಲ್ಲಿ ಮಾಡಿ. ಮೇಲಿನ, ಕೆಳಗಿನ ತುಟಿಗೆ ಡ್ರಿಲ್ ತಾಗಿಸಬೇಡಿ. ಕಂಪನಿ ತೂತು ಇದ್ದರೆ ಅದನ್ನೇ ಬಳಸಿ.
- ಡಬ್ಬಿ ಆಕಾರದ ಚಾಸಿಯಾದರೆ ಒಳಗೆ ಬೋಲ್ಟಿಗೆ ಗಟ್ಟಿ ಪೈಪಿನ ತೋಳು ಹಾಕಿಸಿ. ಇಲ್ಲದಿದ್ರೆ ಬಿಗಿ ಮಾಡಿದಂತೆ ಚಾಸಿ ಒಳಕ್ಕೆ ಕುಗ್ಗುತ್ತೆ.
- ಕಿವಿಯ ಬೆಸುಗೆಗೆ ಇ 7018 ರಾಡ್ ಒಳ್ಳೇದು, ಆದರೆ ಒಣಗಿರಬೇಕು. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟು ತೇವ ಹಿಡಿದ ರಾಡ್ ಬೆಸುಗೆ ಮೇಲೆ ಚೆನ್ನಾಗೇ ಕಾಣುತ್ತೆ, ಒಳಗೆ ಬಿರುಕು ಬಿಡುತ್ತೆ.
- ಬೆಸುಗೆಗೆ ಮುಂಚೆ ಬಣ್ಣ, ತುಕ್ಕು, ಗ್ರೀಸ್ ಪೂರ್ತಿ ಉಜ್ಜಿಸಿ. ಸತು ಲೇಪನದ ಜಿಐ ಪೈಪ್ ಬೆಸೆದರೆ ಹೊಗೆಗೆ ಜ್ವರ ಬರುತ್ತೆ, ಆ ಪೈಪ್ ಬಳಸಬೇಡಿ.
- ಗಾಡಿ ಮೇಲಿಟ್ಟೇ ಬೆಸೆಯೋದಾದ್ರೆ ಬ್ಯಾಟರಿ ತಂತಿ ಬಿಚ್ಚಿಸಿ. ಬಂಪರ್ ಕೆಳಗಿಳಿಸಿ ಬೆಸೆದರೆ ಇನ್ನೂ ಒಳ್ಳೇದು.
- ಹೆಡ್‌ಲೈಟ್, ಇಂಡಿಕೇಟರ್, ನಂಬರ್ ಪ್ಲೇಟ್ ಮುಚ್ಚಬಾರದು. ರೇಡಿಯೇಟರಿಗೆ ಗಾಳಿ ಅಡ್ಡ ಆಗಬಾರದು.
- ಕೊನೆಗೆ ರೆಡ್ ಆಕ್ಸೈಡ್ ಹೊಡೆದು ಬಣ್ಣ ಕೊಡಿಸಿ. ಚಾನೆಲ್ ಕೆಳಗೆ ನೀರು ಇಳಿಯೋಕೆ ಎರಡು ಸಣ್ಣ ತೂತು ಇರಲಿ.

ಎಳೆಯುವ ಕ್ರಮ

ಬಂಪರ್ ಎಷ್ಟೇ ಗಟ್ಟಿ ಇದ್ದರೂ ಎಳೆಯುವ ಕ್ರಮ ತಪ್ಪಿದರೆ ಪ್ರಯೋಜನವಿಲ್ಲ.

ಮೊದಲು ಲೋಡ್ ಇಳಿಸಿ. ಚಕ್ರದ ಮುಂದಿನ ಮಣ್ಣು ತೋಡಿ, ಹತ್ತಿ ಕಡ್ಡಿಯೋ ತೆಂಗಿನ ಗರಿಯೋ ಕಲ್ಲೋ ತುಂಬಿ. ಗಾಡಿ ಖಾಲಿಯಾದ ಮೇಲೆ ಟೈರಿನ ಗಾಳಿ ಸ್ವಲ್ಪ ಇಳಿಸಿದರೂ ಹಿಡಿತ ಬರುತ್ತೆ, ರಸ್ತೆಗೆ ಬಂದ ಮೇಲೆ ತುಂಬಿಸ್ಕೊಳ್ಳಿ. ಅರ್ಧ ಗಂಟೆ ಗುದ್ದಲಿ ಹಿಡಿದರೆ ಎಳೆತ ಅರ್ಧಕ್ಕರ್ಧ ಕಡಿಮೆ ಆಗುತ್ತೆ.

ಎರಡು ಕಿವಿಗೂ ಸೇರಿಸಿ ಹಗ್ಗ ಕಟ್ಟಿ, ಮಧ್ಯದಿಂದ ಎಳೆಯಿರಿ. ಆ ಎರಡು ಹಗ್ಗದ ನಡುವೆ ಕೋನ ಕಿರಿದಾಗಿರಲಿ. 60 ಡಿಗ್ರಿ ಇದ್ದರೆ ಒಂದೊಂದು ಕಿವಿಗೆ ಎಳೆತದ ಶೇ. 58 ಬೀಳುತ್ತೆ. 120 ಡಿಗ್ರಿ ಆದರೆ ಒಂದೊಂದಕ್ಕೂ ಪೂರ್ತಿ ಎಳೆತವೇ ಬೀಳುತ್ತೆ, ಎರಡು ಕಿವಿ ಇದ್ದೂ ಉಪಯೋಗವಿಲ್ಲ.

ಟ್ರ್ಯಾಕ್ಟರಿನವರಿಗೆ ಒಂದು ಮಾತು. ಹಗ್ಗವನ್ನ ಕೆಳಗಿನ ಡ್ರಾಬಾರಿಗೇ ಕಟ್ಟಿ. ಟಾಪ್ ಲಿಂಕಿಗೆ ಅಥವಾ ಹಿಂದಿನ ಆಕ್ಸಲ್‌ಗಿಂತ ಎತ್ತರದ ಜಾಗಕ್ಕೆ ಕಟ್ಟಿ ಎಳೆದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ. ಹಾರಿ ತಪ್ಪಿಸಿಕೊಳ್ಳೋಕೆ ಸಮಯವೇ ಸಿಗಲ್ಲ. ಮೊದಲ ಗೇರಿನಲ್ಲಿ ಹಗ್ಗ ಬಿಗಿಯಾಗೋವರೆಗೆ ಮೆಲ್ಲಗೆ ಹೋಗಿ, ಆಮೇಲೆ ಒಂದೇ ಸಮನೆ ಎಳೆಯಿರಿ. ಜರ್ಕ್ ಬೇಡ.

ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು. ಮಕ್ಕಳನ್ನಂತೂ ಹೊಲದ ಬದಿಗೂ ಬಿಡಬೇಡಿ. ಹಗ್ಗದ ಮಧ್ಯೆ ಒದ್ದೆ ಗೋಣಿಚೀಲ ಹಾಕಿದರೆ ಕಿತ್ತಾಗ ಹಾರುವ ವೇಗ ತಗ್ಗುತ್ತೆ, ಆದರೆ ಅದನ್ನೇ ನಂಬಿ ಹತ್ತಿರ ನಿಲ್ಲಬೇಡಿ. ಹೆಡಿಯಾಲ, ನುಗು ಕಡೆಯ ಕಾಡಂಚಿನ ಹೊಲದಲ್ಲಿ ಸಂಜೆ ಮೇಲೆ ಹೂತರೆ ಗಾಡಿ ಅಲ್ಲೇ ಬಿಟ್ಟು ಊರಿಗೆ ಬನ್ನಿ. ಬೆಳಿಗ್ಗೆ ಎಳೆದರಾಯ್ತು. ಕತ್ತಲಲ್ಲಿ ಎಂಜಿನ್ ಸದ್ದಿನ ನಡುವೆ ಆನೆ ಬಂದದ್ದು ಗೊತ್ತಾಗಲ್ಲ.

ವರ್ಷಕ್ಕೆರಡು ಸಲ ತಪಾಸಣೆ

ಮುಂಗಾರಿಗೆ ಮುಂಚೆ ಒಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ ಬಂಪರ್ ತೊಳೆದು ನೋಡಿ. ಬೆಸುಗೆ ಅಂಚಿನಲ್ಲಿ ತುಕ್ಕಿನ ಸಣ್ಣ ಗೆರೆ ಕಂಡರೆ ಅದು ಬಿರುಕು, ಮೇಲೆ ಬಣ್ಣ ಹೊಡೆದು ಮುಚ್ಚಬೇಡಿ, ಕೆರೆದು ಮತ್ತೆ ಬೆಸೆಸಿ. ತೂತು ಉದ್ದಕ್ಕೆ ಹಿಗ್ಗಿದ್ದರೆ ಕಿವಿ ಬದಲಿಸಿ. ಶ್ಯಾಕಲ್ ಪಿನ್ನು ಬಗ್ಗಿದ್ದರೆ ಗುಜರಿಗೆ ಹಾಕಿ. ಬೋಲ್ಟ್‌ಗಳನ್ನ ಸುಮಾರು 80 ನ್ಯೂಟನ್ ಮೀಟರಿಗೆ ಬಿಗಿ ಮಾಡಿಸಿ, ಜೋರಾದ ಒಂದು ಎಳೆತ ಆದ ಮೇಲೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹಗ್ಗ, ಶ್ಯಾಕಲ್, ಗುದ್ದಲಿ ಮೂರೂ ಮಳೆಗಾಲ ಪೂರ್ತಿ ಗಾಡಿಯಲ್ಲೇ ಇರಲಿ.