ತಂತಿಯೋ, ನಿಸ್ತಂತುವೋ?

ಮನೆಯ ಸ್ಪೀಕರಿಗೆ ಹಾಡು ತಂತಿಯ ಮೂಲಕ ಬಂದರೇನು, ರೇಡಿಯೋ ತರಂಗದ ಮೂಲಕ ಬಂದರೇನು? ಲೆಕ್ಕ ಹಾಕಿ ನೋಡೋಣ.

ಸಿ.ಡಿ.ಗಾಗಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ದಾಖಲಿಸುತ್ತಾರೆ. ಎಡ, ಬಲ ಎರಡೂ ಸೇರಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಬ್ಲೂಟೂತಿನ ಎಸ್‌ಬಿಸಿ ವಿಧಾನ ಸಾಮಾನ್ಯವಾಗಿ ಸಾಗಿಸುವುದು ಸುಮಾರು 328 ಮಾತ್ರ. ಆದ್ದರಿಂದ ಕಿವಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮಗಳನ್ನು ಕಡಿತ ಮಾಡಿ ಧ್ವನಿಯನ್ನು ಕುಗ್ಗಿಸಬೇಕು. ಇದಕ್ಕೆ ಸಮಯವೂ ಬೇಕು, ಟಿ.ವಿ. ನೋಡುವಾಗ ಕೆಲವೊಮ್ಮೆ ತುಟಿ ಮೊದಲಾಗಿ ಮಾತು ಹಿಂದಾಗುವುದು ಹೀಗೆ.

ತಂತಿಗೆ ಈ ತೊಡಕಿಲ್ಲ. ಆದರೆ ಅದು ಉದ್ದವಾದಷ್ಟೂ ದಪ್ಪವಾಗಿರಬೇಕು. ಇಲ್ಲವಾದರೆ ರೋಧದಲ್ಲಿ ಶಕ್ತಿ ನಷ್ಟವಾಗುತ್ತದೆ.

ತಂಬೂರಿಯ ಶ್ರುತಿಯನ್ನು ಎರಡು ಬಗೆಯಲ್ಲೂ ಕೇಳಿ. ವ್ಯತ್ಯಾಸ ತಿಳಿಯದಿದ್ದರೆ, ಜಾಹೀರಾತು ನಂಬಿ ಹಣ ಸುರಿಯಬೇಡಿ. ನಿಮ್ಮ ಕಿವಿಯೇ ಪರೀಕ್ಷಕ!